ಮಖಮಲ್ ಇರುವೆಯ ಕುಲ ಯಾವುದು? ಕಾವಲು ನೆಲದಿಂದ ಒಂದು ಸಮೀಕ್ಷೆ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮಸಾರಿ ಹೊಲದ ಬದು, ದನಗಳ ಮೇವಿಗೆ ಬಿಟ್ಟ ಕಾವಲಿನ ಬರಿನೆಲ, ಹಗರಿಯ ಮರಳು ದಂಡೆ: ಇಂಥ ಒಣ, ಬಿಸಿಲುಂಡ ನೆಲವೇ ಮಖಮಲ್ ಇರುವೆಗೆ ಒಗ್ಗುವ ನೆಲೆ. ಎದೆಯ ಭಾಗ ಕೆಂಪು, ಹಿಂದಿನ ಭಾಗ ಕಪ್ಪು, ಕಪ್ಪಿನ ಮೇಲೆ ಬಿಳಿಯ ಚುಕ್ಕೆಗಳು, ಮೈತುಂಬ ದಟ್ಟ ಕೂದಲು. ಸಾಲು ಕಟ್ಟದೆ ಒಂಟಿಯಾಗಿ, ಮೀಸೆಯಿಂದ ನೆಲ ತಡವುತ್ತ ಅಡ್ಡಾದಿಡ್ಡಿ ಓಡುವ ಈ ಹುಳುವನ್ನು ಕಂಡವರು ಇರುವೆಯೆಂದೇ ಬಗೆಯುತ್ತಾರೆ. ನಿಜದಲ್ಲಿ ಅದು ರೆಕ್ಕೆ ಇಲ್ಲದ ಹೆಣ್ಣು ಕಣಜ. ಇಷ್ಟು ಹೇಳಲು ಒಂದು ಭೂತಗನ್ನಡಿ ಸಾಕು. ಯಾವ ಕುಲದ ಕಣಜ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಬೇಗ ಸಿಗುವುದಿಲ್ಲ. ಕೀಟಶಾಸ್ತ್ರಜ್ಞರು ಎರಡೂವರೆ ಶತಮಾನದಿಂದ ಆ ಉತ್ತರವನ್ನು ತಿದ್ದುತ್ತಲೇ ಇದ್ದಾರೆ.

ಈ ತಿದ್ದುಪಡಿಗಳ ಚರಿತ್ರೆಯನ್ನು, ಅವುಗಳ ಹಿಂದಿರುವ ಚಿಂತನಾಪಂಥಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಿದ್ದೇನೆ. ಓದುತ್ತ ಹೋದಂತೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ: ಮಖಮಲ್ ಇರುವೆಯ ಕುಲ ಎಂಬುದು ಹೆಣ್ಣು, ಗಂಡು, ಅವುಗಳ ಮರಿ ಉಂಡು ಬೆಳೆಯುವ ಆಸರೆಕೀಟ ಈ ಮೂರನ್ನೂ ಸೇರಿಸಿ ವಿವರಿಸಬೇಕಾದ ಮಾತು. ಈ ಮೂರೂ ಸಿಗುವುದು ಜೀವಂತ ನೆಲದಲ್ಲಿ ಮಾತ್ರ. ಆದ್ದರಿಂದ ನಮ್ಮ ಒಣಸೀಮೆಯ ಬಯಲುಗಳು ಈ ಚರ್ಚೆಯ ಅಂಚಿನಲ್ಲಿಲ್ಲ, ನಡುವಿನಲ್ಲಿವೆ.

ಮೊದಲು ಗುರುತು

ಮಖಮಲ್ ಇರುವೆಗಳು ಮ್ಯುಟಿಲ್ಲಿಡೆ ಎಂಬ ಕಣಜ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಇದುವರೆಗೆ 4,000ಕ್ಕೂ ಹೆಚ್ಚು ಪ್ರಭೇದಗಳು, 200ಕ್ಕೂ ಹೆಚ್ಚು ಕುಲಗಳು ದಾಖಲಾಗಿವೆ. ಇರುವೆಯಿಂದ ಇವನ್ನು ಬೇರ್ಪಡಿಸುವ ಗುರುತುಗಳು ಸ್ಪಷ್ಟವಾಗಿವೆ. ಇರುವೆಯ ಮೀಸೆಯ ಮೊದಲ ಗಣ್ಣು ಉದ್ದವಾಗಿದ್ದು ಮೀಸೆ ಮೊಣಕೈಯಂತೆ ಮಡಚಿಕೊಂಡಿರುತ್ತದೆ. ಮಖಮಲ್ ಇರುವೆಯಲ್ಲಿ ಆ ಮಡಿಕೆ ಅಷ್ಟು ಎದ್ದು ಕಾಣುವುದಿಲ್ಲ. ಇರುವೆಯ ಸೊಂಟದಲ್ಲಿ ಒಂದೋ ಎರಡೋ ಗಂಟುಗಳು ಎದ್ದು ನಿಂತಿರುತ್ತವೆ, ಇದರಲ್ಲಿ ಹಾಗೆ ಇಲ್ಲ. ಹೆಣ್ಣಿನ ಎದೆಯ ಫಲಕಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪೆಟ್ಟಿಗೆಯಂತಾಗಿವೆ. ಬಹುಪಾಲು ಪ್ರಭೇದಗಳಲ್ಲಿ ಹೊಟ್ಟೆಯ ಎರಡನೆಯ ಖಂಡದ ಪಕ್ಕದಲ್ಲಿ ಒತ್ತಾದ ಸಣ್ಣ ಕೂದಲಿನ ಒಂದು ಗೆರೆ ಇರುತ್ತದೆ. ಈ ಕೂದಲಗೆರೆ ಕುಟುಂಬದ ದೊಡ್ಡ ಗುರುತುಗಳಲ್ಲಿ ಒಂದು.

ಹಿಡಿದರೆ ಹುಳು ಕಿರ್ ಕಿರ್ ಸದ್ದು ಮಾಡುತ್ತದೆ. ಹೊಟ್ಟೆಯ ಎರಡನೆಯ, ಮೂರನೆಯ ಖಂಡಗಳು ಒಂದಕ್ಕೊಂದು ಉಜ್ಜಿ ಹುಟ್ಟುವ ಈ ಸದ್ದನ್ನು ಗಂಡೂ ಮಾಡುತ್ತದೆ, ಹೆಣ್ಣೂ ಮಾಡುತ್ತದೆ. ಕುಟುಕುವುದು ಹೆಣ್ಣು ಮಾತ್ರ. ಕೀಟಗಳ ಕುಟುಕಿನ ನೋವನ್ನು 1ರಿಂದ 4ರ ಅಳತೆಯಲ್ಲಿ ಇಟ್ಟ ಅಮೆರಿಕದ ಜಸ್ಟಿನ್ ಶ್ಮಿಟ್ ಅಲ್ಲಿನ ಒಂದು ಮಖಮಲ್ ಇರುವೆಗೆ 3 ಕೊಟ್ಟಿದ್ದರು. ಅಲ್ಲಿನ ಇನ್ನೊಂದು ಪ್ರಭೇದವನ್ನು ಜನ ಹಸು ಕೊಲ್ಲುವ ಹುಳು ಎಂದು ಕರೆಯುತ್ತಾರೆ. ಹಸುವಾಗಲಿ ಕುರಿಯಾಗಲಿ ಇದರ ಕುಟುಕಿಗೆ ಸಾಯುವುದಿಲ್ಲ. ಬರಿಗಾಲಲ್ಲಿ ತುಳಿದವರಿಗೆ ನೋವು ಮಾತ್ರ ಜೋರಾಗಿಯೇ ಇರುತ್ತದೆ.

ಗಂಡಿನ ಚಿತ್ರ ಪೂರಾ ಬೇರೆ. ಹೆಚ್ಚಿನ ಪ್ರಭೇದಗಳಲ್ಲಿ ಅದಕ್ಕೆ ರೆಕ್ಕೆಯಿದೆ, ಹಾರುತ್ತದೆ, ಹೂವಿನ ಮೇಲೆ ಕೂರುತ್ತದೆ, ಬಣ್ಣವೂ ಮೈಕಟ್ಟೂ ಹೆಣ್ಣಿಗೆ ಹೋಲುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಪ್ರಭೇದವೆಂದು ಹೇಳಲು ನುರಿತವರೂ ಹಿಂಜರಿಯುತ್ತಾರೆ.

ಇನ್ನು ಬದುಕು. ಹೆಣ್ಣು ಬೇರೆ ಕಣಜ ಅಥವಾ ಒಂಟಿ ಜೇನಿನ ಗೂಡು ಹುಡುಕಿ ಒಳನುಗ್ಗಿ, ಬೆಳೆದು ನಿಂತ ಮರಿಹುಳು ಅಥವಾ ಕೋಶಾವಸ್ಥೆಯ ಮೇಲೆ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ ಅದನ್ನೇ ತಿಂದು ಬೆಳೆಯುತ್ತದೆ. ಯೂರೋಪಿನ ಮ್ಯುಟಿಲ್ಲಾ ಯೂರೋಪಿಯಾ ಬಂಬಲ್ ದುಂಬಿಗಳ ಗೂಡಿಗೆ ನುಗ್ಗುತ್ತದೆ. ಆಫ್ರಿಕದಲ್ಲಿ ಒಂದು ಪ್ರಭೇದ ನಿದ್ರಾರೋಗ ಹರಡುವ ತ್ಸೆತ್ಸೆ ನೊಣದ ಕೋಶವನ್ನೇ ಆಸರೆ ಮಾಡಿಕೊಂಡಿದೆ. ಒಂದು ಮರಿಗೆ ಸಿಗುವುದು ಒಂದೇ ಆಸರೆಕೀಟ. ಆದ್ದರಿಂದ ಆಸರೆ ದೊಡ್ಡದಾದರೆ ಮಖಮಲ್ ಇರುವೆಯೂ ದೊಡ್ಡದು, ಆಸರೆ ಚಿಕ್ಕದಾದರೆ ಇದೂ ಚಿಕ್ಕದು. ಒಂದೇ ಪ್ರಭೇದದ ಎರಡು ಹೆಣ್ಣುಗಳ ಗಾತ್ರದಲ್ಲಿ ಬಹಳ ಅಂತರ ಇರಬಹುದು. ಗಾತ್ರವನ್ನು ನಂಬಿ ಹೆಸರು ಕೊಟ್ಟವರು ಇಲ್ಲಿಂದಲೇ ದಾರಿ ತಪ್ಪಿದರು.

ಎಲ್ಲವೂ ಮ್ಯುಟಿಲ್ಲಾ ಆಗಿದ್ದ ಕಾಲ

ಪ್ರಾಣಿಗಳ ವೈಜ್ಞಾನಿಕ ಹೆಸರುಗಳಿಗೆ ಆರಂಭದ ಗೆರೆ ಎಂದು ಒಪ್ಪಿಕೊಂಡಿರುವ ವರ್ಷ 1758. ಆ ವರ್ಷದ ತನ್ನ ಗ್ರಂಥದಲ್ಲಿ ಲಿನೇಯಸ್ ಮ್ಯುಟಿಲ್ಲಾ ಎಂಬ ಕುಲವನ್ನು ಕಟ್ಟಿ, ಯೂರೋಪು ಮತ್ತು ಅಮೆರಿಕದ ಕೆಲವು ಪ್ರಭೇದಗಳನ್ನು ಅದರೊಳಗೆ ಇಟ್ಟ. ಮುಂದೆ ನೂರು ವರ್ಷಕ್ಕೂ ಮೀರಿ, ಲೋಕದ ಯಾವ ಮೂಲೆಯಿಂದ ಕೂದಲುಳ್ಳ, ರೆಕ್ಕೆಯಿಲ್ಲದ ಕಣಜ ಬಂದರೂ ಅದಕ್ಕೆ ಸಿಕ್ಕಿದ್ದು ಬಹುಮಟ್ಟಿಗೆ ಇದೇ ಕುಲದ ಹೆಸರು. 1855ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಫ್ರೆಡರಿಕ್ ಸ್ಮಿತ್ ತನ್ನ ಸಂಗ್ರಹಪಟ್ಟಿಯಲ್ಲಿ ಭಾರತದ ಹಲವು ಪ್ರಭೇದಗಳಿಗೆ ಹೆಸರಿಟ್ಟ. ಆ ಶತಮಾನದ ಕೊನೆಯಲ್ಲಿ ಪೀಟರ್ ಕ್ಯಾಮೆರಾನ್, ಭಾರತದಲ್ಲಿದ್ದ ರೋಥ್ನಿ ಕೂಡಿಹಾಕಿದ ಕಣಜಗಳನ್ನು ಇಂಗ್ಲೆಂಡಿನಲ್ಲಿ ಕುಳಿತು ವರ್ಣಿಸಿದ. ರೋಥ್ನಿಯ ಸಂಗ್ರಹ ಇಂದಿಗೂ ಆಕ್ಸ್‌ಫರ್ಡಿನಲ್ಲಿದೆ.

1897ರಲ್ಲಿ ಬಂದ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತು ಮಾಲೆಯ ಸಂಪುಟದಲ್ಲಿ ಸಿ. ಟಿ. ಬಿಂಗಮ್ ಈ ಎಲ್ಲವನ್ನೂ ಒಂದೆಡೆ ತಂದ. ಸೇನಾಧಿಕಾರಿಯಾಗಿ ಬರ್ಮಾದಲ್ಲಿದ್ದ ಬಿಂಗಮ್ ಸ್ವತಃ ಕೀಟ ಹಿಡಿದವನು, ನೆಲ ಬಲ್ಲವನು. ಆದರೂ ಅವನ ಪುಸ್ತಕದಲ್ಲಿ ಭಾರತದ ಮಖಮಲ್ ಇರುವೆಗಳ ಬಹುಪಾಲು ಮ್ಯುಟಿಲ್ಲಾ ಎಂಬ ಒಂದೇ ತಲೆಬರಹದ ಕೆಳಗಿವೆ. ಇಂದಿನ ಹಂಚಿಕೆಯಲ್ಲಿ ಮ್ಯುಟಿಲ್ಲಾ ತೀರ ಸಣ್ಣ ಕುಲ. ಬಿಂಗಮ್ ಪಟ್ಟಿಯ ಪ್ರಭೇದಗಳು ಹತ್ತಾರು ಬೇರೆ ಕುಲಗಳಿಗೆ ಚದುರಿಹೋಗಿವೆ. ಅವನು ಇದೇ ಕುಟುಂಬದಲ್ಲಿಟ್ಟಿದ್ದ ಅಪ್ಟಿರೋಗೈನಾದಂಥ ಹುಳುಗಳು ಈಗ ಕುಟುಂಬದಿಂದಲೇ ಹೊರಗಿವೆ. ಹಾಗೆಂದು ಆ ಸಂಪುಟ ನಿರುಪಯುಕ್ತವಾಗಿಲ್ಲ. ದಕ್ಷಿಣ ಭಾರತದ ಹುಳುವನ್ನು ಗುರುತಿಸಲು ಹೊರಟವರು ಈಗಲೂ ಮೊದಲು ತೆರೆಯುವ ಪುಟಗಳು ಅವೇ.

ಕುಲಗಳ ಸುಗ್ಗಿ

ಬದಲಾವಣೆ ಬಂದದ್ದು ಅಮೆರಿಕದ ವಿಲಿಯಂ ಆಶ್ಮೀಡ್ ಅವರಿಂದ. 1899ರಿಂದ 1903ರವರೆಗಿನ ಬರಹಗಳಲ್ಲಿ ಅವರು ಟ್ರೋಗಾಸ್ಪಿಡಿಯಾ, ಟಿಮುಲ್ಲಾ, ಒಡಾಂಟೊಮ್ಯುಟಿಲ್ಲಾ, ಸ್ಪೈಲೊಮ್ಯುಟಿಲ್ಲಾ, ರಾಡೊಸ್ಕೋವ್‌ಸ್ಕಿಯಸ್ ಮುಂತಾದ ಕುಲಗಳನ್ನು ಬೇರೆ ಮಾಡಿದರು. ಅದೇ ಹೊತ್ತಿಗೆ ಫ್ರಾನ್ಸಿನ ಅರ್ನೆಸ್ಟ್ ಆಂಡ್ರೆ ಲೋಕದ ಕುಲಗಳ ಸಮಗ್ರ ಪಟ್ಟಿ ಹೊರತಂದರು. 1920–21ರಲ್ಲಿ ಜರ್ಮನಿಯ ಬಿಷಾಫ್ ಆಫ್ರಿಕದ ಮಖಮಲ್ ಇರುವೆಗಳ ಮೇಲೆ ಬೃಹತ್ ಗ್ರಂಥ ಬರೆದರು. ಫಿಲಿಪ್ಪೀನ್ಸ್ ಮತ್ತು ಪೆಸಿಫಿಕ್ ದ್ವೀಪಗಳ ಪ್ರಭೇದಗಳನ್ನು ಮಿನೆಸೋಟದ ಕ್ಲಾರೆನ್ಸ್ ಮಿಕೆಲ್ 1930ರ ದಶಕದಲ್ಲಿ ಪರಿಶೀಲಿಸಿದರು.

ಈ ಸುಗ್ಗಿಯ ತೊಡಕನ್ನು ಅರಿಯಲು ಟ್ರೋಗಾಸ್ಪಿಡಿಯಾದ ಕಥೆಯೊಂದೇ ಸಾಕು. ಭಾರತದಲ್ಲಿ ವ್ಯಾಪಕವಾಗಿ ಹರಡಿರುವ, ಕೆಂಪೆದೆಯ, ಚುಕ್ಕೆಹೊಟ್ಟೆಯ ಹೆಣ್ಣುಗಳು ಸಿಕ್ಕಾಗ ಹೆಚ್ಚಾಗಿ ನೆನಪಾಗುವ ಕುಲ ಇದು. ಆಶ್ಮೀಡ್ ಇದನ್ನು ಸ್ವತಂತ್ರ ಕುಲವಾಗಿ ಕಟ್ಟಿದರು. ಮಿಕೆಲ್ ಇದನ್ನು ಟಿಮುಲ್ಲಾದ ಒಳಗಿನ ಉಪಕುಲವಾಗಿಸಿದರು. ಆಗ ಅಮೆರಿಕ ಖಂಡಗಳ ಟಿಮುಲ್ಲಾಗೂ ಏಷ್ಯಾ, ಆಫ್ರಿಕದ ಟ್ರೋಗಾಸ್ಪಿಡಿಯಾಗೂ ಒಂದೇ ಸೂರು ಬಂತು. ಮುಂದಿನ ಪೀಳಿಗೆ ಅದನ್ನು ಮತ್ತೆ ಸ್ವತಂತ್ರ ಕುಲವಾಗಿ ಎತ್ತಿಟ್ಟಿತು. ಆಮೇಲೆ ಅದರೊಳಗಿಂದ ಒಂದೊಂದೇ ಗುಂಪು ಹೊರಬಂದು ಬೇರೆ ಹೆಸರು ಪಡೆಯಿತು. ಸ್ವೀಡನ್ನಿನ ತಾಮ್ಸನ್ 1870ರಲ್ಲಿ ಕಟ್ಟಿದ ಸ್ಮಿಕ್ರೊಮಿರ್ಮೆ ಕುಲಕ್ಕೂ ಇಂಥದೇ ಗತಿ: ಸಣ್ಣ ಗಾತ್ರದ, ಬೇರೆಲ್ಲೂ ಹೊಂದದ ಹುಳುಗಳೆಲ್ಲ ಬಹಳ ಕಾಲ ಅದಕ್ಕೇ ಬಂದು ಬಿದ್ದವು. ಹುಳು ಬದಲಾಗಲಿಲ್ಲ, ಯಾವ ಲಕ್ಷಣಕ್ಕೆ ಎಷ್ಟು ತೂಕ ಕೊಡಬೇಕು ಎಂಬ ತೀರ್ಮಾನ ಬದಲಾಗುತ್ತ ಹೋಯಿತು.

ತೊಡಕಿನ ಬೇರು: ಜೋಡಿ ತಪ್ಪಿದ ಹೆಸರುಗಳು

ಹೆಣ್ಣು ನೆಲದಲ್ಲಿ ಓಡುತ್ತದೆ, ಗಂಡು ಹಾರುತ್ತದೆ. ಹೆಣ್ಣನ್ನು ಹಿಡಿಯುವ ಬಗೆ ಬೇರೆ, ಗಂಡನ್ನು ಹಿಡಿಯುವ ಬಗೆ ಬೇರೆ. ಹೆಣ್ಣು ಒಬ್ಬರ ಸೀಸೆಗೆ ಬಿತ್ತು, ಗಂಡು ಇನ್ನೊಬ್ಬರ ಬಲೆಗೆ ಸಿಕ್ಕಿತು. ಎರಡೂ ಬೇರೆ ಬೇರೆ ದಶಕಗಳಲ್ಲಿ, ಬೇರೆ ಬೇರೆ ವಿದ್ವಾಂಸರ ಕೈಯಲ್ಲಿ ಬೇರೆ ಬೇರೆ ಹೆಸರು ಪಡೆದವು. ಒಂದೇ ಮನೆಯ ಗಂಡಹೆಂಡಿರಿಗೆ ಎರಡು ಊರುಗಳಲ್ಲಿ ಎರಡು ಪಡಿತರ ಚೀಟಿ ಕೊಟ್ಟ ಹಾಗೆ ಆಯಿತು. ಇಂದಿಗೂ ಎಷ್ಟೋ ಪ್ರಭೇದಗಳಲ್ಲಿ ಹೆಣ್ಣು ಮಾತ್ರ ಗೊತ್ತು, ಇನ್ನೆಷ್ಟೋ ಪ್ರಭೇದಗಳಲ್ಲಿ ಗಂಡು ಮಾತ್ರ ಗೊತ್ತು.

ಇದು ಪ್ರಭೇದದ ಮಟ್ಟದಲ್ಲೇ ನಿಲ್ಲುವುದಿಲ್ಲ. ಒಬ್ಬರು ಹೆಣ್ಣಿನ ಲಕ್ಷಣಗಳಿಂದ ಒಂದು ಕುಲ ಕಟ್ಟುತ್ತಾರೆ, ಇನ್ನೊಬ್ಬರು ಗಂಡಿನ ಲಕ್ಷಣಗಳಿಂದ ಇನ್ನೊಂದು ಕುಲ ಕಟ್ಟುತ್ತಾರೆ. ಈ ಎರಡು ಕುಲಗಳು ಒಂದೇ ಎಂದು ತಿಳಿಯಲು ಜೋಡಿ ಸಿಗಬೇಕು. ಸಿಕ್ಕ ದಿನ ಮೊದಲು ಪ್ರಕಟವಾದ ಹೆಸರು ಉಳಿದು ಇನ್ನೊಂದು ಬಿದ್ದುಹೋಗುತ್ತದೆ. ಇದು ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ಆದ್ಯತಾ ನಿಯಮ. ಈ ಕುಟುಂಬದ ಮೇಲಿನ ಹೆಚ್ಚಿನ ವಿವಾದಗಳ ತಳದಲ್ಲಿರುವುದು ಈ ಜೋಡಿಯ ಪ್ರಶ್ನೆಯೇ.

ಹೊರರೂಪದ ಪಂಥ

ಹಳೆಯ ಪಂಥ ಇದು, ಇಂದಿಗೂ ಕೈಬಿಡಲಾಗದ್ದು. ಹೆಣ್ಣಿನ ಎದೆಯ ಪೆಟ್ಟಿಗೆ ಮೇಲಿನಿಂದ ನೋಡಿದಾಗ ಚೌಕವೋ ನಡು ಸಣ್ಣಗಿದೆಯೋ, ಅದರ ಹಿಂತುದಿಯ ಬಳಿ ಚಿಪ್ಪಿನಂಥ ಚಾಚು ಇದೆಯೋ ಇಲ್ಲವೋ, ಹೊಟ್ಟೆಯ ಮೊದಲ ಖಂಡ ತೊಟ್ಟಿನಂತೆ ಸಪುರವೋ ಅಗಲವೋ, ಕೊನೆಯ ಖಂಡದ ಬೆನ್ನಿನ ಫಲಕದ ಮೇಲೆ ಗೆರೆಗಳಿವೆಯೋ ನುಣುಪೋ, ಕಣ್ಣು ದುಂಡಗೆ ಉಬ್ಬಿದೆಯೋ ಮೊಟ್ಟೆಯಾಕಾರವೋ ಎಂದು ಪ್ರಶ್ನೆ ಕೇಳುತ್ತ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವ ಕ್ರಮ ಇದರದು. ಸೂಕ್ಷ್ಮದರ್ಶಕ ಒಂದಿದ್ದರೆ ಜಿಲ್ಲಾ ಕೇಂದ್ರದ ಕಾಲೇಜಿನಲ್ಲೂ ಈ ಕೆಲಸ ಮಾಡಬಹುದು. ಮೊದಲು ಹೆಸರು ಕೊಟ್ಟಾಗ ಆಧಾರವಾಗಿಟ್ಟ ಹುಳುಗಳೊಡನೆ, ಅಂದರೆ ಹಳೆಯ ಮೂಲಮಾದರಿಗಳೊಡನೆ, ನೇರ ಹೋಲಿಸಲು ಇದೇ ದಾರಿ.

ಇದರ ಮಿತಿಯೂ ಇಲ್ಲೇ ಇದೆ. ನೆಲದಲ್ಲಿ ಓಡಲು, ಗೂಡು ಅಗೆಯಲು, ಆಸರೆಯ ಕುಟುಕು ತಡೆಯಲು ಬೇಕಾದ ಅಂಗಗಳು ದೂರದ ಸಂಬಂಧಿಗಳಲ್ಲೂ ಒಂದೇ ತೆರನಾಗಿ ಬೆಳೆಯಬಲ್ಲವು. ಒಂದೇ ಬಗೆಯ ಬದುಕು ಒಂದೇ ಬಗೆಯ ಮೈಕಟ್ಟನ್ನು ಕೊಟ್ಟಾಗ ಅದನ್ನು ನೆಂಟಸ್ತಿಕೆಯೆಂದು ತಿಳಿಯುವ ಅಪಾಯ ಸದಾ ಇದೆ.

ಬಣ್ಣದ ಮಾತಂತೂ ಇನ್ನೂ ಕಷ್ಟ. ಉತ್ತರ ಅಮೆರಿಕದ ಮಖಮಲ್ ಇರುವೆಗಳಲ್ಲಿ ದೂರದ ಕುಲಗಳ ಪ್ರಭೇದಗಳು ಒಂದು ಪ್ರದೇಶದಲ್ಲಿ ಒಂದೇ ಬಣ್ಣದ ವೇಷ ತೊಟ್ಟಿರುವುದನ್ನು ಜೋಸೆಫ್ ವಿಲ್ಸನ್ ಮತ್ತು ಸಂಗಡಿಗರು 2012 ಮತ್ತು 2015ರ ಅಧ್ಯಯನಗಳಲ್ಲಿ ತೋರಿಸಿದರು. ಕುಟುಕುವ ಹುಳುಗಳೆಲ್ಲ ಒಂದೇ ಬಾವುಟ ಹಿಡಿದರೆ, ಒಮ್ಮೆ ನೋವುಂಡ ಹಕ್ಕಿ, ಹಲ್ಲಿ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಲಾಭ ಎಲ್ಲಕ್ಕೂ ಹಂಚಿಹೋಗುತ್ತದೆ. ಕೀಟಲೋಕದ ಅತಿದೊಡ್ಡ ಪರಸ್ಪರ ಅನುಕರಣೆಯ ಕೂಟಗಳಲ್ಲಿ ಇದೂ ಒಂದು. ಆಫ್ರಿಕದಲ್ಲೂ ಇಂಥ ಕೂಟಗಳಿರುವುದನ್ನು 2018ರ ಇನ್ನೊಂದು ಅಧ್ಯಯನ ದಾಖಲಿಸಿತು. ದಕ್ಷಿಣ ಭಾರತದಲ್ಲಿ ಕೀನಾಪ್ಟಿಕಸ್ ಪಲ್ಕರ್ ಎಂಬ ಜೇಡ ಕೂಡ ಮಖಮಲ್ ಇರುವೆಯ ವೇಷ ಹಾಕುತ್ತದೆ. ಜೇಡವನ್ನೂ ಕಣಜವನ್ನೂ ಒಂದಾಗಿ ಕಾಣಿಸಬಲ್ಲ ಬಣ್ಣ, ಕುಲದಿಂದ ಕುಲವನ್ನು ಬೇರ್ಪಡಿಸುವ ಸಾಕ್ಷಿಯಾಗಲಾರದು. ಫೋಟೊ ನೋಡಿ ಕುಲ ಹೇಳುವವರು ನೆನಪಿಡಬೇಕಾದ ಸಂಗತಿ ಇದು.

ಗಂಡಿನ ಸಾಕ್ಷಿ

1885ರಲ್ಲಿ ರಾಡೊಸ್ಕೋವ್‌ಸ್ಕಿ ಮಖಮಲ್ ಇರುವೆಯ ಗಂಡುಗಳ ಜನನಾಂಗಗಳನ್ನು ಬಿಡಿಸಿ ಚಿತ್ರಿಸಿ, ವರ್ಗೀಕರಣಕ್ಕೆ ಇದೂ ಒಂದು ಆಧಾರವೆಂದು ತೋರಿಸಿದ. ಬಣ್ಣದ ಮೇಲೆ ಬೇಟೆಗಾರ ಪ್ರಾಣಿಗಳ ಒತ್ತಡವಿದೆ, ಮೈಕಟ್ಟಿನ ಮೇಲೆ ನೆಲದ ಒತ್ತಡವಿದೆ. ಒಳಗೆ ಅಡಗಿರುವ ಈ ಅಂಗಗಳ ಮೇಲೆ ಆ ಎರಡೂ ಇಲ್ಲ. ಹಾಗಾಗಿ ನಿಕಟ ಪ್ರಭೇದಗಳನ್ನು ಬಿಡಿಸಲು ಇವು ಬಲವಾದ ಗುರುತು. ಇವುಗಳ ಜತೆಗೆ ಗಂಡಿನ ಕಣ್ಣಿನ ಒಳಅಂಚಿನ ಕಚ್ಚು, ದವಡೆಯ ಹಲ್ಲು, ರೆಕ್ಕೆಯ ನರಗಳ ಜಾಲ, ರೆಕ್ಕೆಬುಡದ ಚಿಪ್ಪಿನ ಗಾತ್ರವೂ ಲೆಕ್ಕಕ್ಕೆ ಬಂದವು. ಟ್ರೋಗಾಸ್ಪಿಡಿಯಾ, ಸ್ಮಿಕ್ರೊಮಿರ್ಮೆ ಸೇರಿದಂತೆ ಇಂದು ಮ್ಯುಟಿಲ್ಲಿನೆ ಉಪಕುಟುಂಬದಲ್ಲಿರುವ ಕುಲಗಳ ಗಂಡುಗಳಲ್ಲಿ ಆ ಕಣ್ಣಿನ ಕಚ್ಚು ಕಾಣುತ್ತದೆ.

ಈ ಪಂಥ ವಿವರಿಸಲಾಗದೆ ಬಿಡುವುದು ಗಂಡು ಸಿಗದ ಪ್ರಭೇದಗಳನ್ನು. ಭಾರತದ ಹಳೆಯ ಹೆಸರುಗಳಲ್ಲಿ ಹೆಣ್ಣನ್ನು ಮಾತ್ರ ನೋಡಿ ಕೊಟ್ಟವು ಬಹಳ. ಅವುಗಳ ಕುಲನಿರ್ಣಯ ಗಂಡಿನ ಲಕ್ಷಣಗಳನ್ನೇ ಅವಲಂಬಿಸಿದರೆ ಪ್ರಶ್ನೆ ಅಲ್ಲಿಗೇ ನಿಂತುಬಿಡುತ್ತದೆ.

ವಂಶವೃಕ್ಷದ ಪಂಥ

ಹೋಲಿಕೆ ಎಷ್ಟಿದೆ ಎಂದು ಕೇಳುವುದನ್ನು ಬಿಟ್ಟು, ಯಾವ ಹೋಲಿಕೆ ಒಂದೇ ಪೂರ್ವಜನಿಂದ ಬಂದ ಹೊಸ ಲಕ್ಷಣ ಎಂದು ಕೇಳಬೇಕು ಎನ್ನುವುದು ಈ ಪಂಥದ ನಿಲುವು. ದಕ್ಷಿಣ ಆಫ್ರಿಕದ ಡೆನಿಸ್ ಬ್ರದರ್ಸ್ 1975ರಲ್ಲಿ ಕುಟುಕುವ ಕಣಜಗಳೆಲ್ಲವನ್ನೂ ಈ ಕಣ್ಣಿನಿಂದ ನೋಡಿ, ಮ್ಯುಟಿಲ್ಲಿಡೆಯನ್ನು ಏಳು ಉಪಕುಟುಂಬಗಳಾಗಿ ಹಂಚಿದರು. ಕುಲಗಳ ಗದ್ದಲಕ್ಕೆ ಮೊದಲ ಸಲ ಒಂದು ತರ್ಕಬದ್ಧ ಚೌಕಟ್ಟು ಬಂತು. ಹೆಣ್ಣು ಗಂಡು ಎರಡರ ಲಕ್ಷಣಗಳನ್ನೂ ಒಂದೇ ಕೋಷ್ಟಕದಲ್ಲಿ ಇಟ್ಟದ್ದು ಇದರ ದೊಡ್ಡ ಬಲ.

ರಷ್ಯಾದ ವ್ಲಾಡಿವೊಸ್ತೋಕಿನಲ್ಲಿ ಅರ್ಕಾಡಿ ಲೆಲೆಯ್ ಬೇರೊಂದು ಹಾದಿ ಹಿಡಿದರು. 1997ರಲ್ಲಿ ನೆಮ್ಕೋವ್ ಜತೆ ಸೇರಿ ಅವರು ಮುಂದಿಟ್ಟ ವರ್ಗೀಕರಣ ಕುಟುಂಬವನ್ನು ಇನ್ನೂ ಸಣ್ಣ ಭಾಗಗಳಾಗಿ ಕಂಡಿತು. ಬ್ರದರ್ಸ್ ಒಳಗೆ ಉಳಿಸಿಕೊಂಡಿದ್ದ ಮಿರ್ಮೋಸಾ ಗುಂಪನ್ನು ಅವರು ಬೇರೆ ಕುಟುಂಬವೆಂದರು. ಎರಡು ದಶಕ ಈ ಎರಡು ನಕ್ಷೆಗಳು ಅಕ್ಕಪಕ್ಕದಲ್ಲಿದ್ದವು. ಕೊನೆಗೆ 2017ರಲ್ಲಿ ಬ್ರದರ್ಸ್ ಮತ್ತು ಲೆಲೆಯ್ ಇಬ್ಬರೂ ಒಂದೇ ಪ್ರಬಂಧದಲ್ಲಿ ಸೇರಿ, ಹೊರರೂಪದ ಲಕ್ಷಣಗಳನ್ನು ಮೊದಲಿನಿಂದ ಮರುಪರಿಶೀಲಿಸಿ ಎಂಟು ಉಪಕುಟುಂಬಗಳ ಹಂಚಿಕೆಯನ್ನು ಪ್ರಕಟಿಸಿದರು. ಭಿನ್ನಮತದವರಿಬ್ಬರು ತಮ್ಮ ತಮ್ಮ ಸಾಕ್ಷಿಗಳನ್ನು ಒಂದೇ ಮೇಜಿಗೆ ತಂದ ಈ ಕೆಲಸ ನನಗೆ ಬಹಳ ಗೌರವಾರ್ಹವಾಗಿ ಕಾಣುತ್ತದೆ. ಎಲ್ಲ ಕುಲಗಳಿಗೂ ಒಂದು ಮನೆ ತೋರಿಸಿದ ನಕ್ಷೆ ಅದು.

ಒಡೆಯುವವರು, ಒಗ್ಗೂಡಿಸುವವರು

ಉಪಕುಟುಂಬ ನಿಂತರೂ ಕುಲದ ಗಡಿ ನಿಲ್ಲುವುದಿಲ್ಲ. ಒಂದು ಕುಲದಲ್ಲಿ ನೂರಾರು ಪ್ರಭೇದಗಳಿದ್ದರೆ ಅದನ್ನು ಒಡೆಯಬೇಕೆ? ಏಷ್ಯಾದ ಮಖಮಲ್ ಇರುವೆಗಳ ವಿಷಯದಲ್ಲಿ ಲೆಲೆಯ್ ಒಡೆಯುವ ಕಡೆಗೆ ನಿಂತವರು. ಮಿಕೆಲೊಮಿರ್ಮೆ, ಕ್ರೋಂಬೈನಿಡಿಯಾ, ಬಿಷಾಫಿಟಿಲ್ಲಾ ಅವರು ಕಟ್ಟಿದ ಕುಲಗಳು. ವಾಲಸಿಡಿಯಾ 2008ರಲ್ಲಿ ಬ್ರದರ್ಸ್ ಜತೆ ಸೇರಿ ಕಟ್ಟಿದ್ದು. ಇವುಗಳ ಹೆಸರುಗಳಲ್ಲಿ ಹಿಂದಿನ ಸಂಶೋಧಕರ ನೆನಪಿದೆ. ಅವರಲ್ಲಿ ಕಾರ್ಲ್ ಕ್ರೋಂಬೈನ್ ಶ್ರೀಲಂಕಾದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಪರವಾಗಿ ವರ್ಷಗಟ್ಟಲೆ ಕಣಜ ಸಂಗ್ರಹಿಸಿದವರು. ದಕ್ಷಿಣ ಭಾರತದ ಹುಳುಗಳನ್ನು ಅರಿಯಲು ಆ ಸಂಗ್ರಹ ಹತ್ತಿರದ ಕನ್ನಡಿ. 2005ರಲ್ಲಿ ಬಂದ ಲೆಲೆಯ್ ಅವರ ಪ್ರಾಚ್ಯವಲಯದ ಪಟ್ಟಿ, ಸ್ಮಿತ್, ಕ್ಯಾಮೆರಾನ್, ಬಿಂಗಮ್ ಹೆಸರಿಟ್ಟ ಪ್ರಭೇದಗಳನ್ನು ಹೊಸ ಕುಲಗಳಿಗೆ ಹಂಚಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸಂಶೋಧಕರು ಈಚೆಗೆ ಭಾರತದ ಒಂದೊಂದೇ ಕುಲವನ್ನು ಪರಿಷ್ಕರಿಸುವಾಗ ಈ ಪಟ್ಟಿಯನ್ನೇ ಆಧಾರ ಮಾಡಿಕೊಂಡಿದ್ದಾರೆ.

ಒಡೆಯುವವರ ವಾದ ಸರಳ: ಸಣ್ಣ ಕುಲ ಖಚಿತವಾದ ಕುಲ, ಅದರ ಸದಸ್ಯರೆಲ್ಲ ನಿಜಕ್ಕೂ ಹತ್ತಿರದವರು. ಒಗ್ಗೂಡಿಸುವವರ ಆತಂಕವೂ ನ್ಯಾಯವಾದದ್ದೇ. ಒಂದು ಲಿಂಗ ಮಾತ್ರ ಗೊತ್ತಿರುವಾಗ, ಒಂದೆರಡು ಲಕ್ಷಣಗಳ ಮೇಲೆ ಕುಲ ಕಟ್ಟಿದರೆ ಇನ್ನೊಂದು ಲಿಂಗ ಸಿಕ್ಕ ದಿನ ಅದು ಕುಸಿಯಬಹುದು. ಉಳಿದ ಪ್ರಭೇದಗಳನ್ನೆಲ್ಲ ಹಳೆಯ ಕುಲದಲ್ಲೇ ಬಿಟ್ಟಾಗ, ಒಂದಕ್ಕೊಂದು ಸಂಬಂಧವಿಲ್ಲದ ಪ್ರಭೇದಗಳು ಅಲ್ಲಿ ಜಮೆಯಾಗುತ್ತವೆ. ನನ್ನ ತಿಳಿವಳಿಕೆಯಲ್ಲಿ ಈ ಎರಡೂ ಮಾತು ನಿಲ್ಲುವುದು ಒಂದು ಷರತ್ತಿನ ಮೇಲೆ: ಒಡೆಯುವ ಮುಂಚೆ ಎರಡು ಲಿಂಗದ ಸಾಕ್ಷಿಯೂ ಕೈಯಲ್ಲಿರಬೇಕು.

ಡಿಎನ್ಎ ತಂದ ತೀರ್ಪು

2006ರಲ್ಲಿ ಅಮೆರಿಕದ ಪಿಲ್ಗ್ರಿಮ್ ಮತ್ತು ಪಿಟ್ಸ್, ಗಂಡುಹೆಣ್ಣುಗಳ ಡಿಎನ್ಎ ಹೋಲಿಸಿ ಜೋಡಿ ಕೂಡಿಸುವ ವಿಧಾನ ತೋರಿಸಿದರು. ನೂರು ವರ್ಷ ಕಾದರೂ ಸಿಗದ ಜೋಡಿ ಪ್ರಯೋಗಾಲಯದಲ್ಲಿ ಸಿಗುವಂತಾಯಿತು. 2008ರಲ್ಲಿ ಇದೇ ಬಳಗ ಕಣಜಗಳ ದೊಡ್ಡ ವಂಶವೃಕ್ಷವನ್ನು ಜೀನುಗಳಿಂದ ಕಟ್ಟಿ, ಮಿರ್ಮೋಸಾ ಗುಂಪು ಉಳಿದ ಮಖಮಲ್ ಇರುವೆಗಳ ಜತೆ ಕೂಡುವುದಿಲ್ಲವೆಂದು ತೋರಿಸಿತು. ಆ ಒಂದು ಅಂಶದಲ್ಲಿ ಲೆಲೆಯ್ ನಿಲುವಿಗೆ ಬಲ ಬಂತು. 2023ರಲ್ಲಿ ಜಾರ್ಜ್ ವಾಲ್ಡ್ರೆನ್ ಮತ್ತು ಸಂಗಡಿಗರು, ಜೀನೋಮಿನ ನೂರಾರು ತಾಣಗಳಿಂದ ಇಡೀ ಕುಟುಂಬದ ಮೇಲ್ಮಟ್ಟದ ವರ್ಗೀಕರಣವನ್ನು ಪರೀಕ್ಷೆಗೆ ಒಡ್ಡಿದರು. ಹೊರರೂಪದಿಂದ ಕಂಡ ಕೆಲವು ಗುಂಪುಗಳು ಗಟ್ಟಿಯಾಗಿ ನಿಂತವು, ಕೆಲವನ್ನು ಮರುಜೋಡಿಸಬೇಕಾಯಿತು. ಈ ಹೊಸ ವಿಧಾನದ ಒಂದು ಅನುಕೂಲವೆಂದರೆ, ದಶಕಗಳ ಹಿಂದೆ ಸೂಜಿಗೆ ಚುಚ್ಚಿಟ್ಟ ಒಣಹುಳುವಿನಿಂದಲೂ ಅದು ಮಾಹಿತಿ ಪಡೆಯಬಲ್ಲದು.

ಆದರೂ ಡಿಎನ್ಎ ಕೊನೆಯ ಮಾತಾಗಲಾರದು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಒಂದು ಜೀನನ್ನೇ ನಂಬಿದರೆ, ಮಿಶ್ರತಳಿ ಅಥವಾ ಒಳಗೆ ಸೇರಿದ ಬ್ಯಾಕ್ಟೀರಿಯಾದ ಪ್ರಭಾವದಿಂದ ತಪ್ಪು ಚಿತ್ರ ಮೂಡಬಹುದು. ವಂಶವೃಕ್ಷದ ಯಾವ ಕೊಂಬೆಯನ್ನು ಕುಲ ಎನ್ನಬೇಕು ಎಂಬುದನ್ನು ಡಿಎನ್ಎ ಹೇಳುವುದಿಲ್ಲ. ಅದು ಮನುಷ್ಯರ ತೀರ್ಮಾನ. ಎಲ್ಲಕ್ಕಿಂತ ಮಿಗಿಲಾಗಿ, ಕೊಂಬೆಗೆ ಹೆಸರು ಕೊಡಲು ಹಳೆಯ ಮೂಲಮಾದರಿಯೊಡನೆ ಹೋಲಿಸಲೇಬೇಕು. ಭಾರತದ ಬಹಳಷ್ಟು ಮೂಲಮಾದರಿಗಳು ಲಂಡನ್, ಆಕ್ಸ್‌ಫರ್ಡಿನಲ್ಲಿವೆ.

ಬದುಕಿನಿಂದ ಬರುವ ಸಾಕ್ಷಿ

ಕಡಿಮೆ ಬರೆಯಲಾದ, ನನಗೆ ಬಹಳ ಮುಖ್ಯವೆನಿಸುವ ದಾರಿ ಇದು. ಕೆಲವು ಕುಲಗಳಲ್ಲಿ ಗಂಡು ತನಗಿಂತ ಚಿಕ್ಕ ಹೆಣ್ಣನ್ನು ದವಡೆಯಲ್ಲಿ ಹಿಡಿದು ಹಾರುತ್ತ ಕೂಡುತ್ತದೆ. ಅಂಥ ಜೋಡಿ ಒಮ್ಮೆ ಬಲೆಗೆ ಬಿದ್ದರೆ ಎಷ್ಟೋ ಕಾಲದ ಸಂಶಯ ತೀರಿಹೋಗುತ್ತದೆ. ಕೂಡದ ಹೆಣ್ಣನ್ನು ಜಾಲರಿಯೊಳಗೆ ಬಯಲಿನಲ್ಲಿಟ್ಟರೆ ಅದೇ ಪ್ರಭೇದದ ಗಂಡುಗಳು ವಾಸನೆ ಹಿಡಿದು ಬರುತ್ತವೆ. ಒಂಟಿ ಜೇನಿನ ಗೂಡು ಅಗೆದು ಸಾಕಿದರೆ, ಒಂದೇ ಗೂಡಿನಿಂದ ಗಂಡು ಹೆಣ್ಣು ಎರಡೂ ಹೊರಬರಬಹುದು. ಜತೆಗೆ ಆಸರೆಕೀಟ ಯಾವುದೆಂದೂ ತಿಳಿಯುತ್ತದೆ. ಒಂದು ಕುಲದ ಪ್ರಭೇದಗಳೆಲ್ಲ ಒಂದೇ ಬಗೆಯ ಆಸರೆಗೆ ಒಗ್ಗಿವೆಯೇ, ಸಿಕ್ಕಿದ್ದನ್ನು ಬಳಸುತ್ತವೆಯೇ ಎಂದು ತಿಳಿದರೆ ಕುಲದ ಗಡಿ ಪ್ರಕೃತಿಯಲ್ಲೂ ಇದೆಯೇ ಎಂದು ನೋಡಬಹುದು. ಭಾರತದ ಬಹುಪಾಲು ಪ್ರಭೇದಗಳಿಗೆ ಈ ಮಾಹಿತಿಯೇ ಇಲ್ಲ.

ಕಾವಲಿನ ನೆಲ ಏಕೆ ಮುಖ್ಯ

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಇಲ್ಲಿ ಮರಗಳ ಕಾಡಿಲ್ಲ ಎಂದು ನೆಲವನ್ನು ಬಂಜರು ಎಂದು ಬರೆಯುವ ರೂಢಿ ಇದೆ. ನೆಲದಲ್ಲಿ ಗೂಡು ತೋಡುವ ಒಂಟಿ ಜೇನು, ಮರಳುಕಣಜಗಳಿಗೆ ಬೇಕಾದದ್ದು ಇಂಥ ತೆರೆದ, ಗಟ್ಟಿ, ನೀರು ನಿಲ್ಲದ ಮಣ್ಣೇ. ಅವು ಇದ್ದಲ್ಲಿ ಮಾತ್ರ ಮಖಮಲ್ ಇರುವೆ ಇರಬಲ್ಲದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಉಳಿಸಿದ ಕಾವಲುಗಳು ಉಳುಮೆಯಿಂದ ತಪ್ಪಿಸಿಕೊಂಡ ಕಾರಣ, ಮಣ್ಣಿನೊಳಗಿನ ಈ ಗೂಡುಗಳೂ ತಲೆಮಾರುಗಳ ಕಾಲ ಕದಡದೆ ಉಳಿದವು.

2007ರಿಂದ 2010ರ ನಡುವೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಯಿತು. ಕುರಿಗಾಹಿಗಳು, ಸುತ್ತಲ ಹಳ್ಳಿಯವರು ಮೇವಿನ ಹಕ್ಕಿಗಾಗಿ ಹೋರಾಡಿದರು; ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಚರ್ಚೆಯಲ್ಲಿ ಹುಲ್ಲು, ಕೃಷ್ಣಮೃಗ, ಎರ್ಲಡ್ಡು ಹಕ್ಕಿಯ ಮಾತು ಬಂತು. ಮಣ್ಣೊಳಗಿನ ಕೀಟಗಳ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ಲೆಕ್ಕವಿಲ್ಲದ ಜೀವಿಯ ಪರವಾಗಿ ವಾದಿಸುವುದು ಕಷ್ಟ; ಹೆಸರಿಡುವ ಕೆಲಸಕ್ಕೆ ಈ ಕಾರಣಕ್ಕೂ ತೂಕವಿದೆ.

ಕೆಲಸಕ್ಕೆ ಬೇಕಾದ ನೆಲೆಗಳು ರಾಜ್ಯದಲ್ಲೇ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಕೀಟ ಸಂಗ್ರಹಗಳಿವೆ. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯ ಆವರಣವೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದ ಕಂಡುಹಿಡಿದವರು ಅದರ ಮಾದರಿಯನ್ನು ದೇಶದೊಳಗಿನ ಅಧಿಕೃತ ಭಂಡಾರದಲ್ಲಿ ಇಡಬೇಕು. ಹಳೆಯ ಮೂಲಮಾದರಿಗಳು ಹೊರದೇಶದಲ್ಲಿದ್ದರೂ ಮುಂದಿನವು ಇಲ್ಲೇ ಉಳಿಯುತ್ತವೆ.

ಇನ್ನೂ ತೀರದ ಪ್ರಶ್ನೆಗಳು

ಮೊದಲನೆಯದು ಟ್ರೋಗಾಸ್ಪಿಡಿಯಾದ ಗಡಿ. ಗುಂಪುಗಳು ಒಂದೊಂದಾಗಿ ಹೊರನಡೆದ ಮೇಲೆ ಉಳಿದದ್ದು ಒಂದೇ ಪೂರ್ವಜನ ಸಂತತಿಯೇ, ಬೇರೆಲ್ಲೂ ಸೇರದವುಗಳ ಕೂಟವೇ? ಆಫ್ರಿಕ ಮತ್ತು ಭಾರತದ ಪ್ರಭೇದಗಳನ್ನು ಒಟ್ಟಿಗೆ, ಡಿಎನ್ಎ ಸಹಿತ ನೋಡದೆ ಇದಕ್ಕೆ ಉತ್ತರವಿಲ್ಲ. ಸ್ಮಿಕ್ರೊಮಿರ್ಮೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಎರಡನೆಯದು ಒಂಟಿ ಲಿಂಗದ ಕುಲ, ಪ್ರಭೇದಗಳು. ಭಾರತದ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಎಷ್ಟು ಒಂದೇ ಪ್ರಭೇದದ ಗಂಡಿನವು, ಹೆಣ್ಣಿನವು ಎಂಬುದು ಬಿಡಿಸಿಲ್ಲ. ಮೂರನೆಯದು ಬಣ್ಣ. ದಕ್ಕನ್ನಿನ ಕೆಂಪು, ಕಪ್ಪು, ಬಿಳಿಚುಕ್ಕೆಯ ವೇಷ ಒಂದು ಅನುಕರಣ ಕೂಟವೇ, ಅದರಲ್ಲಿ ಎಷ್ಟು ಕುಲಗಳಿವೆ, ಅವನ್ನು ದೂರವಿಡುತ್ತಿರುವ ಬೇಟೆಗಾರ ಹಕ್ಕಿಯೇ, ಓತಿಕ್ಯಾತವೇ? ನಾಲ್ಕನೆಯದು ಆಸರೆ. ಮಸಾರಿ ನೆಲದ ಯಾವ ಜೇನು, ಯಾವ ಕಣಜದ ಗೂಡಿಗೆ ಯಾವ ಮಖಮಲ್ ಇರುವೆ ನುಗ್ಗುತ್ತದೆ? ಉಳುಮೆ, ಕೀಟನಾಶಕ, ಬೇಲಿ ಇವುಗಳಿಂದ ಆ ಸಂಬಂಧ ಏನಾಗುತ್ತದೆ?

ಐದನೆಯದು ತತ್ತ್ವದ ಪ್ರಶ್ನೆ: ವಂಶವೃಕ್ಷ ಪೂರ್ಣವಾದ ಮೇಲೂ ಕುಲದ ಗೆರೆ ಎಲ್ಲಿ ಎಳೆಯಬೇಕು? ನನ್ನ ಉತ್ತರ, ಹೆಣ್ಣನ್ನೂ ಗಂಡನ್ನೂ ಬಯಲಿನಲ್ಲಿ ಗುರುತಿಸಲು ನೆರವಾಗುವ, ಆಸರೆಯ ಬಗ್ಗೆ ಏನಾದರೂ ಮುನ್ಸೂಚನೆ ಕೊಡುವ ಕೊಂಬೆಯ ಬುಡದಲ್ಲಿ. ಇದನ್ನು ಒಪ್ಪದವರೂ ಇದ್ದಾರೆ. ಒಂದೇ ಸಂತತಿಯಾಗಿದ್ದರೆ ಸಾಕು, ಉಪಯೋಗದ ಮಾತು ಬೇಡ ಎನ್ನುವ ಅವರ ವಾದಕ್ಕೂ ಬಲವಿದೆ.

ಈ ಐದರಲ್ಲಿ ಮೂರಕ್ಕೆ ಸಾಕ್ಷಿ ಸಿಗುವುದು ಚಳ್ಳಕೆರೆ, ಮೊಳಕಾಲ್ಮುರಿನಂಥ ಬಯಲಿನಲ್ಲಿ, ಅಲ್ಲಿನ ಶಿಕ್ಷಕರು, ವಿದ್ಯಾರ್ಥಿಗಳು, ಕುರಿಗಾಹಿಗಳು ಕಂಡದ್ದನ್ನು ಊರು, ದಿನಾಂಕ, ಮಣ್ಣಿನ ಬಗೆ ಸಹಿತ ಬರೆದಿಟ್ಟಾಗ. ಒಂದು ಜೋಡಿ, ಒಂದು ಗೂಡು, ಒಂದು ಡಿಎನ್ಎ ಮಾದರಿ ಮೂರೂ ಒಂದೇ ಸ್ಥಳದಿಂದ ಬಂದ ದಿನ ಕುಲದ ಹೆಸರು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ನಮ್ಮ ಸಂಗ್ರಹದ ಲೇಬಲ್ಲುಗಳ ಮೇಲೆ ಕುಲದ ಹೆಸರಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿ. ಅದೇ ಸದ್ಯದ ಪ್ರಾಮಾಣಿಕ ವರ್ಗೀಕರಣ.